ಬ್ಯಾಕ್ಟೀರಿಯಾಗಳ ಸಾಕ್ಷ್ಯವನ್ನು ಎಷ್ಟು ನಂಬಬೇಕು?

ಖಡಕಿಯಲ್ಲಿ ನೆಲಸಿರುವ ಕನ್ನಡಿಗರಿಗೆ ರಾಸಾಯನಿಕಗಳ ಜಗತ್ತು ದೂರದ್ದಲ್ಲ. 1869ರಲ್ಲಿ ಇಲ್ಲಿ ಮದ್ದುಗುಂಡುಗಳ ಕಾರ್ಖಾನೆ ಸ್ಥಾಪನೆಗೊಂಡಿತು. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1940ರಲ್ಲಿ, ಉಚ್ಚ ಸ್ಫೋಟಕಗಳ ಕಾರ್ಖಾನೆ ಬಂದಿತು. ಲೋಕಲ್ ರೈಲಿನಲ್ಲಿ ದಾಪೋಡಿ, ಕಾಸರವಾಡಿಗಳನ್ನು ದಾಟಿದರೆ ಸಿಗುವ ಪಿಂಪರಿಯಲ್ಲಿ 1954ರಲ್ಲಿ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆ ತಲೆಯೆತ್ತಿತು. ವಿಜಾಪುರ, ಬೆಳಗಾವಿ, ಧಾರವಾಡ, ಕಲಬುರ್ಗಿಗಳ ಕಡೆಯಿಂದ ಅನ್ನವನ್ನರಸಿ ಪುಣೆಗೆ ಬಂದ ನಮ್ಮವರಲ್ಲಿ ಅನೇಕರು ಇಂತಹ ಉದ್ಯಮಗಳ ಆಸರೆಯಲ್ಲಿಯೇ ಮಕ್ಕಳನ್ನು ಓದಿಸಿ, ಮನೆ ಕಟ್ಟಿಕೊಂಡು ನೆಲೆನಿಂತವರು.

ಅಂಥವರಲ್ಲಿ ಒಬ್ಬರು, ಸ್ಫೋಟಕಗಳ ನಡುವೆ ಅನೇಕ ವರ್ಷ ದುಡಿದು ನಿವೃತ್ತರಾದ ಹಿರಿಯರು, ಈಚೆಗೆ ನಮ್ಮ ಮನೆಗೆ ಬಂದಿದ್ದರು. ಅವರ ಮೊಮ್ಮಗನು ಎಲ್ಲಿಯೋ ಓದಿದ ಒಂದು ವಾಕ್ಯವನ್ನು ಅವರಿಗೆ ಹೇಳಿದ್ದನಂತೆ: ಟಿ.ಎನ್.ಟಿ. ಎಂಬ ಸ್ಫೋಟಕವು ಬ್ಯಾಕ್ಟೀರಿಯಾಗಳ ವಂಶವಾಹಿಗಳನ್ನು ಬದಲಿಸಿಬಿಡುತ್ತದೆ ಎಂದು. "ಸರ, ಇದು ಖರೇ ಏನ್ರೀ? ಖರೇ ಇದ್ರ ನಮ್ಮ ಮಕ್ಕಳು ಮೊಮ್ಮಕ್ಕಳಿಗೂ ಏನರ ಆಗತೈತೇನ್ರೀ?" ಎಂದು ಅವರು ಕೇಳಿದರು. "ಹೌದು" ಎಂದರೂ "ಅಲ್ಲ" ಎಂದರೂ ಅದು ಅರ್ಧ ಉತ್ತರವೇ ಆಗುತ್ತಿತ್ತು. ಅಂತಹ ವಾಕ್ಯವು ಯಾವ ಪರೀಕ್ಷೆಯಿಂದ ಹುಟ್ಟುತ್ತದೆ, ಆ ಪರೀಕ್ಷೆಯ ಫಲಿತಾಂಶವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಎಷ್ಟರ ಮಟ್ಟಿಗೆ ಅವಲಂಬಿಸಿದೆ ಎಂಬುದನ್ನು ಅರಿತರೆ ಮಾತ್ರ ಪೂರ್ಣ ಉತ್ತರ ದೊರೆಯುತ್ತದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪರೀಕ್ಷೆಯ ಹಿನ್ನೆಲೆ

ಜೀವಕೋಶದ ವಂಶವಾಹಿಗಳಲ್ಲಿ ಉಂಟಾಗುವ ಸ್ಥಿರವಾದ ಬದಲಾವಣೆಗೆ ಉತ್ಪರಿವರ್ತನೆ ಎಂದು ಹೆಸರು. ಇಂತಹ ಬದಲಾವಣೆಯನ್ನು ಉಂಟುಮಾಡುವ ವಸ್ತುವು ಉತ್ಪರಿವರ್ತಕ. ಅರ್ಬುದ ಅಥವಾ ಕ್ಯಾನ್ಸರ್ ರೋಗದ ಮೂಲದಲ್ಲಿ ಅನೇಕ ವೇಳೆ ಉತ್ಪರಿವರ್ತನೆ ಇರುವುದರಿಂದ, ಯಾವ ರಾಸಾಯನಿಕಕ್ಕೆ ಈ ಗುಣವಿದೆ ಎಂಬುದನ್ನು ತಿಳಿಯುವುದು ಅಗತ್ಯ. ಇಲಿಗಳ ಮೇಲೆ ಪ್ರಯೋಗ ನಡೆಸಿದರೆ ಎರಡು ಮೂರು ವರ್ಷಗಳೂ ಅಪಾರ ಹಣವೂ ಬೇಕು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಬ್ರೂಸ್ ಏಮ್ಸ್ (1928–2024) ಅವರು 1970ರ ದಶಕದ ಆರಂಭದಲ್ಲಿ ಎರಡೇ ದಿನಗಳಲ್ಲಿ ಸುಳಿವು ನೀಡುವ ಒಂದು ಸುಲಭ ವಿಧಾನವನ್ನು ರೂಪಿಸಿದರು. ಅದೇ ಏಮ್ಸ್ ಪರೀಕ್ಷೆ.

ಇದರಲ್ಲಿ ಬಳಸುವುದು ಸಾಲ್ಮೊನೆಲ್ಲ ಟೈಫಿಮ್ಯೂರಿಯಮ್ ಎಂಬ ಬ್ಯಾಕ್ಟೀರಿಯಾ. ಇದು ವಿಷಮಶೀತ ಜ್ವರದ ರೋಗಾಣುವಿನ ದಾಯಾದಿ. ಪ್ರಯೋಗಾಲಯದ ತಳಿಗಳಲ್ಲಿ ಒಂದು ಕೊರತೆಯನ್ನು ಉದ್ದೇಶಪೂರ್ವಕವಾಗಿ ಉಳಿಸಿಕೊಳ್ಳಲಾಗಿದೆ. ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವನ್ನು ಅವು ತಾವೇ ತಯಾರಿಸಿಕೊಳ್ಳಲಾರವು. ಹೊರಗಿನಿಂದ ಒದಗಿಸದಿದ್ದರೆ ಅವುಗಳ ಬೆಳವಣಿಗೆ ನಿಲ್ಲುತ್ತದೆ. ವಂಶವಾಹಿಯಲ್ಲಿರುವ ದೋಷವು ಇನ್ನೊಂದು ಉತ್ಪರಿವರ್ತನೆಯಿಂದ ಸರಿಹೋದಾಗ ಮಾತ್ರ ಆ ಬ್ಯಾಕ್ಟೀರಿಯಾ ತನ್ನ ಹಿಸ್ಟಿಡಿನ್ ಅನ್ನು ತಾನೇ ತಯಾರಿಸಿಕೊಂಡು ವೃದ್ಧಿಯಾಗಿ, ಕಣ್ಣಿಗೆ ಕಾಣುವ ಒಂದು ಚುಕ್ಕೆಯಾಗುತ್ತದೆ. ಈ ಚುಕ್ಕೆಗೆ ಕಾಲೊನಿ ಎನ್ನುತ್ತಾರೆ. ಚುಕ್ಕೆಗಳು ಹೆಚ್ಚಿದರೆ ಪರೀಕ್ಷಿಸಿದ ವಸ್ತು ಉತ್ಪರಿವರ್ತಕವೆಂದು ಊಹೆ.

ವಿಧಾನ ಹೀಗಿದೆ: ಹಿಂದಿನ ರಾತ್ರಿ ಬೆಳೆಸಿಟ್ಟ ಬ್ಯಾಕ್ಟೀರಿಯಾಗಳ ದ್ರವದಿಂದ 0.1 ಮಿಲಿಲೀಟರ್ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಸುಮಾರು 10 ಕೋಟಿ ಜೀವಿಗಳಿರುತ್ತವೆ. ಇದಕ್ಕೆ ಪರೀಕ್ಷಿಸಬೇಕಾದ ವಸ್ತುವನ್ನೂ ಕರಗಿದ ಮೆದು ಅಗರ್ ಅನ್ನೂ ಬೆರೆಸಿ ಗಾಜಿನ ತಟ್ಟೆಯಲ್ಲಿರುವ ಗಟ್ಟಿ ಅಗರ್ ಮೇಲೆ ಸುರಿದು, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎರಡು ದಿನ ಇಡುತ್ತಾರೆ. ನಮ್ಮ ದೇಹದ ಯಕೃತ್ತು ಅನೇಕ ವಸ್ತುಗಳನ್ನು ಬೇರೆ ರೂಪಕ್ಕೆ ಪರಿವರ್ತಿಸುವುದರಿಂದ, ಅದೇ ವಸ್ತುವನ್ನು ಇಲಿಯ ಯಕೃತ್ತಿನ ಕಿಣ್ವಗಳ ಸಾರದೊಡನೆಯೂ ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ.

ಈ ಪರೀಕ್ಷೆಯ ಶಕ್ತಿ ಸಾಮಾನ್ಯವಾದುದಲ್ಲ. ಅಮೆರಿಕದಲ್ಲಿ ಮಕ್ಕಳ ರಾತ್ರಿಯುಡುಪುಗಳಿಗೆ ಬೆಂಕಿ ತಗಲದಂತೆ ಟ್ರಿಸ್ ಎಂಬ ರಾಸಾಯನಿಕವನ್ನು ಲೇಪಿಸುತ್ತಿದ್ದರು. ಅದು ಉತ್ಪರಿವರ್ತಕವೆಂದು ಆರ್ಲೀನ್ ಬ್ಲಮ್ ಮತ್ತು ಏಮ್ಸ್ ಅವರು 1977ರ ಆರಂಭದಲ್ಲಿ ಎಚ್ಚರಿಸಿದರು. ಇಲಿಗಳಲ್ಲಿ ಅದು ಕ್ಯಾನ್ಸರ್ ಉಂಟುಮಾಡುವುದೂ ಕಂಡುಬಂದು, ಅದೇ ವರ್ಷದ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಅಂತಹ ಉಡುಪುಗಳನ್ನು ನಿಷೇಧಿಸಿತು.

ಕಣ್ಣಿಗೆ ಕಾಣದ ತೆಳುಹಾಸು

ಹಿಸ್ಟಿಡಿನ್ ಇಲ್ಲದೆ ಈ ಬ್ಯಾಕ್ಟೀರಿಯಾಗಳು ಬೆಳೆಯಲಾರವು ಎಂದೆವು. ಆದರೂ ಪ್ರಯೋಗದಲ್ಲಿ ಮೆದು ಅಗರ್‌ಗೆ ಲೇಶಮಾತ್ರ ಹಿಸ್ಟಿಡಿನ್ ಬೆರೆಸಿಯೇ ಇರುತ್ತಾರೆ. ಇದಕ್ಕೆ ಕಾರಣವಿದೆ. ರಾಸಾಯನಿಕವು ವಂಶವಾಹಿಗೆ ಮಾಡಿದ ಹಾನಿಯು ಕೂಡಲೇ ಉತ್ಪರಿವರ್ತನೆಯಾಗುವುದಿಲ್ಲ. ಕೋಶವು ವಿಭಜನೆಗೊಳ್ಳುವಾಗ, ಹಾನಿಗೊಂಡ ಎಳೆಯ ನಕಲು ತೆಗೆಯುವ ಸಂದರ್ಭದಲ್ಲಿ ತಪ್ಪು ನೆಲೆಗೊಳ್ಳುತ್ತದೆ. ವಿಭಜನೆಯೇ ಇಲ್ಲದಿದ್ದರೆ ತೀಕ್ಷ್ಣವಾದ ಉತ್ಪರಿವರ್ತಕವೂ ಈ ತಟ್ಟೆಯಲ್ಲಿ ನಿರಪರಾಧಿಯಂತೆ ಕಂಡೀತು. ಆದ್ದರಿಂದ ಎಲ್ಲ ಬ್ಯಾಕ್ಟೀರಿಯಾಗಳೂ ಕೆಲವು ಸಲ ವಿಭಜಿಸುವಷ್ಟು ಮಾತ್ರ ಆಹಾರ ಕೊಡುತ್ತಾರೆ. ಅದು ಮುಗಿದ ಮೇಲೆ ಸಾಮಾನ್ಯ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಂತುಹೋಗುತ್ತದೆ; ಬದಲಾದವು ಮಾತ್ರ ಮುಂದುವರಿಯುತ್ತವೆ.

ಹೀಗೆ ಸ್ವಲ್ಪವೇ ಬೆಳೆದು ನಿಂತ ಕೋಟ್ಯಂತರ ಬ್ಯಾಕ್ಟೀರಿಯಾಗಳು ತಟ್ಟೆಯ ಮೇಲೆ ಮಂಜಿನಂತಹ ಒಂದು ತೆಳುಹಾಸನ್ನು ನಿರ್ಮಿಸುತ್ತವೆ. ಬರಿಗಣ್ಣಿಗೆ ಇದು ಸರಿಯಾಗಿ ಗೋಚರಿಸದು. ಸೂಕ್ಷ್ಮದರ್ಶಕದ ಕೆಳಗೆ ಸ್ಪಷ್ಟವಾಗುತ್ತದೆ. ಅನುಭವಿ ಸಂಶೋಧಕನು ಚುಕ್ಕೆಗಳನ್ನು ಎಣಿಸುವುದರ ಜೊತೆಗೆ ಈ ಹಾಸನ್ನು ತಪ್ಪದೆ ಪರಿಶೀಲಿಸುತ್ತಾನೆ. ಹಾಸು ಸಹಜವಾಗಿದ್ದರೆ ಎಣಿಕೆಗೆ ಬೆಲೆಯುಂಟು. ಅದು ತೆಳುವಾಗಿದ್ದರೆ, ಹರಿದಿದ್ದರೆ ಅಥವಾ ಮಿತಿಮೀರಿ ದಟ್ಟವಾಗಿದ್ದರೆ ಎಣಿಕೆಯ ಅರ್ಥವೇ ಬದಲಾಗುತ್ತದೆ.

ಎಣಿಕೆ ತಪ್ಪುವ ಬಗೆಗಳು

ಮೊದಲನೆಯದು, ವಸ್ತುವೇ ಬ್ಯಾಕ್ಟೀರಿಯಾಗಳನ್ನು ಕೊಂದುಬಿಡುವುದು. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಯಾವ ರಾಸಾಯನಿಕವನ್ನೂ ಸೇರಿಸದ ತಟ್ಟೆಯಲ್ಲಿ ತಾನಾಗಿಯೇ ಮೂಡಿದ ಚುಕ್ಕೆಗಳು 120. ರಾಸಾಯನಿಕವನ್ನು 10 ಮೈಕ್ರೋಗ್ರಾಂ ಹಾಕಿದಾಗ 150, ಐವತ್ತಕ್ಕೆ 260, ನೂರಕ್ಕೆ 410. ಆದರೆ ಐದುನೂರಕ್ಕೆ 190, ಸಾವಿರಕ್ಕೆ ಕೇವಲ 40. ಸಾವಿರ ಮೈಕ್ರೋಗ್ರಾಂನ ತಟ್ಟೆಯೊಂದನ್ನೇ ನೋಡಿದವನು "ಇದು ಉತ್ಪರಿವರ್ತನೆಯನ್ನು ತಡೆಯುವ ಅಮೃತ" ಎಂದು ಸಾರಿಯಾನು! ನಿಜದಲ್ಲಿ ಅಲ್ಲಿ ಸಾಕ್ಷಿ ಹೇಳಬೇಕಾದ ಬ್ಯಾಕ್ಟೀರಿಯಾಗಳೇ ಸತ್ತುಹೋಗಿವೆ. ಈ ಕಾರಣದಿಂದಲೇ ಅಂತರರಾಷ್ಟ್ರೀಯ ನಿಯಮಗಳು ಕನಿಷ್ಠ ಐದು ಬೇರೆ ಬೇರೆ ಪ್ರಮಾಣಗಳಲ್ಲಿ ಪರೀಕ್ಷೆ ನಡೆಯಬೇಕೆಂದು ವಿಧಿಸುತ್ತವೆ.

ಎರಡನೆಯದು ಇದಕ್ಕೆ ವಿರುದ್ಧವಾದ ಭ್ರಮೆ. ಬಹುಪಾಲು ಬ್ಯಾಕ್ಟೀರಿಯಾಗಳು ಸತ್ತು ಕೆಲವೇ ಉಳಿದರೆ, ಎಲ್ಲರಿಗೂ ಹಂಚಿಹೋಗಬೇಕಾಗಿದ್ದ ಹಿಸ್ಟಿಡಿನ್ ಆ ಕೆಲವಕ್ಕೇ ಸಿಗುತ್ತದೆ. ನೂರು ಮಂದಿಗೆ ಬಡಿಸಿದ ಊಟಕ್ಕೆ ಹತ್ತೇ ಮಂದಿ ಕುಳಿತಂತೆ! ಅವು ಯಾವ ಬದಲಾವಣೆಯನ್ನೂ ಹೊಂದದೆ, ಸಿಕ್ಕ ಆಹಾರದ ಬಲದಿಂದಲೇ ಹೆಚ್ಚು ಸಲ ವಿಭಜಿಸಿ, ಸೂಜಿಮೊನೆಯಂತಹ ನೂರಾರು ಸಣ್ಣ ಚುಕ್ಕೆಗಳಾಗುತ್ತವೆ. ಎಣಿಸುವ ಯಂತ್ರವು ಇವನ್ನೂ ಉತ್ಪರಿವರ್ತಿತ ಕಾಲೊನಿಗಳೆಂದು ಎಣಿಸಿಬಿಡಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಸಂದೇಹ ಬಂದಾಗ ಅಂತಹ ಚುಕ್ಕೆಗಳನ್ನು ಹಿಸ್ಟಿಡಿನ್ ಇಲ್ಲದ ಹೊಸ ತಟ್ಟೆಗೆ ವರ್ಗಾಯಿಸುತ್ತಾರೆ. ನಿಜವಾಗಿ ಬದಲಾದವು ಅಲ್ಲಿಯೂ ಬೆಳೆಯುತ್ತವೆ, ಉಳಿದವು ಬೆಳೆಯುವುದಿಲ್ಲ.

ಮೂರನೆಯದು, ಪರೀಕ್ಷಿಸುವ ವಸ್ತುವಿನಲ್ಲಿಯೇ ಹಿಸ್ಟಿಡಿನ್ ಇರುವುದು. ಮೀನು, ಮಾಂಸ, ಹಾಲು ಮೊದಲಾದ ಆಹಾರಗಳ ಸಾರವನ್ನು ಪರೀಕ್ಷಿಸುವಾಗ ಈ ತೊಡಕು ಸಾಮಾನ್ಯ. ಹೆಚ್ಚಿನ ಹಿಸ್ಟಿಡಿನ್ ಎಂದರೆ ಹೆಚ್ಚಿನ ವಿಭಜನೆ. ಹೆಚ್ಚಿನ ವಿಭಜನೆಯಾದಷ್ಟೂ ತಾನಾಗಿ ಮೂಡುವ ಉತ್ಪರಿವರ್ತನೆಗಳೂ ಹೆಚ್ಚು. ಆಗ ನಿರಪಾಯವಾದ ಆಹಾರವೂ ಅಪರಾಧಿಯಾಗಿ ತೋರುತ್ತದೆ. 1970ರ ದಶಕದಲ್ಲಿ ಟೋಕಿಯೊ ನಗರದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ತಕಾಶಿ ಸುಗಿಮುರ ಅವರ ತಂಡವು ಬೆಂಕಿಯಲ್ಲಿ ಸುಟ್ಟ ಮೀನಿನ ಕರಕಲು ಭಾಗದಲ್ಲಿ ಉತ್ಪರಿವರ್ತಕಗಳನ್ನು ಕಂಡುಹಿಡಿಯಿತು. ಮೀನಿನಲ್ಲಿ ಹಿಸ್ಟಿಡಿನ್ ಸಮೃದ್ಧವಾಗಿರುವುದರಿಂದ ಇಂತಹ ಸಂದೇಹಕ್ಕೆ ಅವಕಾಶವಿದ್ದೇ ಇತ್ತು. ಆ ವಿಜ್ಞಾನಿಗಳು ಅಷ್ಟಕ್ಕೇ ನಿಲ್ಲದೆ, ಅದಕ್ಕೆ ಕಾರಣವಾದ ರಾಸಾಯನಿಕಗಳನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ತೋರಿಸಿದ್ದರಿಂದ ಅವರ ನಿರ್ಣಯವು ಗಟ್ಟಿಯಾಗಿ ನಿಂತಿತು.

ನಾಲ್ಕನೆಯದು, ಬಿತ್ತುವ ಬೆಳೆಯ ವಯಸ್ಸು. ಮೊಸರಿಗೆ ಹೆಪ್ಪು ಹಾಕುವ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆಯ ಹೆಪ್ಪು ಕೆಲಸ ಮಾಡದು. ಕಾದ ಹಾಲಿಗೆ ಹಾಕಿದರೆ ಸಾಯುತ್ತದೆ. ಪುಣೆಯ ಡಿಸೆಂಬರ್ ಚಳಿಯಲ್ಲಿ ಬೆಳಗಾದರೂ ಹಾಲು ಹಾಲಾಗಿಯೇ ಇರುತ್ತದೆ. ಪರೀಕ್ಷೆಯ ಬ್ಯಾಕ್ಟೀರಿಯಾಗಳಿಗೂ ಇದೇ ನ್ಯಾಯ. ಅವು ಚುರುಕಾಗಿ ಬೆಳೆಯುವ ಹಂತದ ಕೊನೆಯಲ್ಲಿ ಅಥವಾ ಬೆಳವಣಿಗೆ ನಿಲ್ಲುವ ಹಂತದ ಆದಿಯಲ್ಲಿ, ಮಿಲಿಲೀಟರಿಗೆ ಸುಮಾರು 100 ಕೋಟಿ ಇರುವಾಗ ಬಳಕೆಗೆ ಯೋಗ್ಯ. ಬಹಳ ಹೊತ್ತು ಹಾಗೆಯೇ ಉಳಿದ ದ್ರವದಲ್ಲಿ ಸತ್ತ ಕೋಶಗಳು ಸೇರಿಕೊಂಡು, ನೋಡಲು ಅಷ್ಟೇ ಕದಡಿದಂತಿದ್ದರೂ ಜೀವಂತ ಬ್ಯಾಕ್ಟೀರಿಯಾಗಳ ಸಂಖ್ಯೆ ಕುಗ್ಗಿರುತ್ತದೆ.

ಐದನೆಯದು ಇನ್ನೂ ನಯವಾದ ಮೋಸ. ಟಿಎ 98, ಟಿಎ 100 ಎಂಬ ಹೆಸರಾಂತ ತಳಿಗಳಲ್ಲಿ, ಉತ್ಪರಿವರ್ತನೆಯನ್ನು ಸುಲಭಗೊಳಿಸುವ ಪ್ಲಾಸ್ಮಿಡ್ ಎಂಬ ಹೆಚ್ಚುವರಿ ವಂಶವಾಹಿ ಉಂಗುರವಿದೆ. ತಳಿಯನ್ನು ಅಜಾಗರೂಕತೆಯಿಂದ ಮತ್ತೆ ಮತ್ತೆ ಬೆಳೆಸುತ್ತಾ ಹೋದರೆ ಈ ಉಂಗುರ ಕಳೆದುಹೋಗಬಹುದು. ಆಗ ಬ್ಯಾಕ್ಟೀರಿಯಾಗಳು ಸೊಂಪಾಗಿಯೇ ಬೆಳೆಯುತ್ತವೆ. ಹಾಸು ಕೂಡ ಸುಂದರವಾಗಿರುತ್ತದೆ. ಆದರೆ ಉತ್ಪರಿವರ್ತಕವನ್ನು ಗುರುತಿಸುವ ಸೂಕ್ಷ್ಮತೆ ನಷ್ಟವಾಗಿರುತ್ತದೆ. ಆದುದರಿಂದ ಪ್ರತಿಯೊಂದು ಪ್ರಯೋಗದಲ್ಲೂ, ಉತ್ಪರಿವರ್ತಕವೆಂದು ಮೊದಲೇ ಖಚಿತವಾಗಿರುವ ಒಂದು ವಸ್ತುವನ್ನು ಜೊತೆಯಲ್ಲಿಟ್ಟು ತಳಿಯ ಯೋಗ್ಯತೆಯನ್ನು ಪರೀಕ್ಷಿಸಿಕೊಳ್ಳುತ್ತಾರೆ.

ಪಿಂಪರಿಯ ಹೆಸರನ್ನು ನಮಗೆ ಪರಿಚಿತಗೊಳಿಸಿದ ಜೀವಿರೋಧಕ ಔಷಧಿಗಳ ವಿಷಯದಲ್ಲಿ ಈ ಪರೀಕ್ಷೆಯ ಮಿತಿ ಎದ್ದುಕಾಣುತ್ತದೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದೇ ಅವುಗಳ ಧರ್ಮ. ಸ್ಟ್ರೆಪ್ಟೊಮೈಸಿನ್‌ನಂತಹ ಔಷಧಿಯನ್ನು ಈ ತಟ್ಟೆಗೆ ಹಾಕಿದರೆ ಉತ್ತರ ಹೇಳಲು ಯಾರೂ ಉಳಿಯುವುದಿಲ್ಲ. ಅಂತಹ ಔಷಧಿಗಳಿಗೆ ಸಸ್ತನಿಗಳ ಜೀವಕೋಶಗಳ ಮೇಲೆ ನಡೆಸುವ ಪರೀಕ್ಷೆಗಳನ್ನು ಅವಲಂಬಿಸಬೇಕಾಗುತ್ತದೆ.

ಅಡಿಕೆ, ವೀಳ್ಯದೆಲೆ ಮತ್ತು ಅರಿಸಿನ

ನಮ್ಮ ಮನೆಗಳಿಗೆ ಹತ್ತಿರವಾದ ನಿದರ್ಶನವೊಂದು ಮುಂಬಯಿಯಲ್ಲಿಯೇ ಇದೆ. ಅಲ್ಲಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ವಿ. ಭಿಡೆ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ತಾಂಬೂಲದ ಘಟಕಗಳನ್ನು ಸಾಲ್ಮೊನೆಲ್ಲ ತಳಿಗಳ ಮೇಲೆ ಪರೀಕ್ಷಿಸಿದರು. ಅಡಿಕೆಯಲ್ಲಿರುವ ಅರಿಕೊಲಿನ್ ಎಂಬ ವಸ್ತುವು ಉತ್ಪರಿವರ್ತಕವೆಂದು ಕಂಡಿತು. ವೀಳ್ಯದೆಲೆಯ ಸಾರವು ಹಾಗಲ್ಲದೆ, ಕೆಲವು ಉತ್ಪರಿವರ್ತಕಗಳ ಪರಿಣಾಮವನ್ನು ತಗ್ಗಿಸಿತು. ಅರಿಸಿನದ ಕರ್ಕ್ಯುಮಿನ್ ಸಹ ಇದೇ ಬಗೆಯ ರಕ್ಷಕ ಗುಣವನ್ನು ತೋರಿತು.

ಇಂತಹ ರಕ್ಷಕ ಗುಣವನ್ನು ಕುರಿತ ವರದಿಗಳನ್ನು ಓದುವಾಗ ಒಂದು ವಿವೇಕ ಅವಶ್ಯ. ಮಸಾಲೆ ಸೊಪ್ಪುಗಳಲ್ಲಿ ಅನೇಕವು ಬ್ಯಾಕ್ಟೀರಿಯಾಗಳನ್ನು ಅಷ್ಟಿಷ್ಟು ಕೊಲ್ಲಬಲ್ಲವು. ಚುಕ್ಕೆಗಳು ಕಡಿಮೆಯಾದುದು ವಂಶವಾಹಿಗೆ ರಕ್ಷಣೆ ದೊರೆತುದರಿಂದಲೋ, ಬ್ಯಾಕ್ಟೀರಿಯಾಗಳು ಸತ್ತುದರಿಂದಲೋ? ಉಳಿದ ಜೀವಂತ ಬ್ಯಾಕ್ಟೀರಿಯಾಗಳನ್ನು ಬೇರೆಯಾಗಿ ಎಣಿಸಿ ತೋರಿಸದೆ "ಇಂತಹ ಸೊಪ್ಪು ಕ್ಯಾನ್ಸರನ್ನು ತಡೆಯುತ್ತದೆ" ಎಂದು ಸಾರುವ ಜಾಹೀರಾತುಗಳನ್ನು ನಂಬಬಾರದು.

ಅಡಿಕೆಯ ಮೇಲಿನ ತೀರ್ಪಾದರೋ ಬ್ಯಾಕ್ಟೀರಿಯಾಗಳ ಸಾಕ್ಷ್ಯವೊಂದನ್ನೇ ಆಧರಿಸಿದ್ದಲ್ಲ. ಬಾಯಿಯ ಕ್ಯಾನ್ಸರಿನಿಂದ ನರಳಿದ ಮನುಷ್ಯರ ಅಧ್ಯಯನಗಳನ್ನೂ ಪ್ರಾಣಿಪ್ರಯೋಗಗಳನ್ನೂ ಒಟ್ಟಿಗೆ ತೂಗಿನೋಡಿ, ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಅಡಿಕೆಯೂ ಮಾನವರಲ್ಲಿ ಕ್ಯಾನ್ಸರ್‌ಕಾರಕವೆಂದು ಹೇಳಿತು. ಊಟವಾದ ಮೇಲೆ ಎಲೆಯಡಿಕೆ ಹಾಕುವ ರೂಢಿಯವರು ಇದನ್ನು ಮನಸ್ಸಿನಲ್ಲಿಡುವುದು ಒಳಿತು.

ಮತ್ತೆ ಆ ಹಿರಿಯರ ಪ್ರಶ್ನೆಗೆ

ಈಗ ಟಿ.ಎನ್.ಟಿ. ವಿಷಯಕ್ಕೆ ಮರಳೋಣ. ಏಮ್ಸ್ ಪರೀಕ್ಷೆಯಲ್ಲಿ, ವಿಶೇಷವಾಗಿ ಟಿಎ 98 ತಳಿಯಲ್ಲಿ, ಅದು ಉತ್ಪರಿವರ್ತಕವೆಂದು ಕಂಡಿರುವುದು ನಿಜ. ಆದರೆ ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಟಿ.ಎನ್.ಟಿ. ನೈಟ್ರೊ ಗುಂಪಿನ ರಾಸಾಯನಿಕ. ಸಾಲ್ಮೊನೆಲ್ಲದಂತಹ ಬ್ಯಾಕ್ಟೀರಿಯಾಗಳಲ್ಲಿ ನೈಟ್ರೊ ಸಂಯುಕ್ತಗಳನ್ನು ತೀಕ್ಷ್ಣವಾದ ರೂಪಕ್ಕೆ ತಿರುಗಿಸುವ ಕಿಣ್ವಗಳು ಹೇರಳವಾಗಿವೆ. ಎಂದರೆ ಬ್ಯಾಕ್ಟೀರಿಯಾ ತನ್ನ ಕತ್ತಿಯನ್ನು ತಾನೇ ಮಸೆದುಕೊಳ್ಳುತ್ತದೆ. ಈ ಕಿಣ್ವವಿಲ್ಲದ ತಳಿಗಳನ್ನು ವಿಜ್ಞಾನಿಗಳು ಪ್ರತ್ಯೇಕವಾಗಿ ರೂಪಿಸಿ, ಹೋಲಿಸಿ ನೋಡುವುದುಂಟು. ಮಾನವ ದೇಹದ ಕೋಶಗಳಲ್ಲಿ ಈ ಕ್ರಿಯೆ ಅದೇ ಪ್ರಮಾಣದಲ್ಲಿ ನಡೆಯುವುದೆಂದು ಭಾವಿಸುವಂತಿಲ್ಲ. ಹಾಗೆಂದು ತೀರ ಅಲ್ಲಗಳೆಯುವಂತೆಯೂ ಇಲ್ಲ. ನಮ್ಮ ಕರುಳಿನಲ್ಲಿಯೂ ಇಂತಹ ಕಿಣ್ವಗಳುಳ್ಳ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ.

ಆಮಶಂಕೆಗೆ ವೈದ್ಯರು ಕೊಡುವ ಮೆಟ್ರೊನಿಡಜೋಲ್ ಮಾತ್ರೆಯೂ ನೈಟ್ರೊ ಗುಂಪಿನದೇ. ಬ್ಯಾಕ್ಟೀರಿಯಾಗಳಲ್ಲಿ ಅದೂ ಉತ್ಪರಿವರ್ತಕವೇ. ಆದರೂ ಅಗತ್ಯವಿದ್ದಾಗ ವೈದ್ಯರ ಸಲಹೆಯಂತೆ ಕೋಟ್ಯಂತರ ಜನರು ಅದನ್ನು ಸೇವಿಸಿ ಗುಣಮುಖರಾಗಿದ್ದಾರೆ. ಇಂತಹ ವರದಿಯನ್ನು ಓದಿ ಮಾತ್ರೆಯನ್ನು ಅರ್ಧಕ್ಕೆ ಬಿಡುವುದು ಅವಿವೇಕ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1996ರಲ್ಲಿ ಟಿ.ಎನ್.ಟಿ.ಯನ್ನು ಮೂರನೆಯ ವರ್ಗಕ್ಕೆ ಸೇರಿಸಿತು. ಮಾನವರಲ್ಲಿ ಅದು ಕ್ಯಾನ್ಸರ್ ಉಂಟುಮಾಡುವುದೇ ಇಲ್ಲವೇ ಎಂದು ನಿರ್ಣಯಿಸಲು ಆಧಾರ ಸಾಲದು ಎಂಬುದು ಇದರ ಅರ್ಥವೇ ಹೊರತು, ಅದು ನಿರಪಾಯವೆಂದಲ್ಲ. ಅದರ ಬೇರೆ ಹಾನಿಗಳಾದರೋ ನಿಸ್ಸಂದೇಹವಾದವು. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದ ಮಹಿಳೆಯರ ಚರ್ಮ ಹಳದಿಗೆ ತಿರುಗಿ, ಅವರಲ್ಲಿ ಕೆಲವರು ಕಾಮಾಲೆಯಿಂದಲೂ ರಕ್ತಹೀನತೆಯಿಂದಲೂ ಮಡಿದರು. ಇದು ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ; ಯಕೃತ್ತು, ರಕ್ತ, ಕಣ್ಣಿನ ಮಸೂರ ಇವುಗಳನ್ನು ಬಾಧಿಸಬಲ್ಲದು.

ಆದ್ದರಿಂದ ಆ ಹಿರಿಯರಿಗೆ ನಾನು ಹೇಳಿದ ಉತ್ತರ ಇಷ್ಟು: "ನಿಮ್ಮ ಮೊಮ್ಮಗ ಓದಿದ ಮಾತು ಸುಳ್ಳಲ್ಲ. ಆದರೆ ಆ ಮಾತು ತಟ್ಟೆಯಲ್ಲಿನ ಬ್ಯಾಕ್ಟೀರಿಯಾಗಳ ಬಗ್ಗೆ; ನಿಮ್ಮ ಮಕ್ಕಳ ಬಗ್ಗೆ ಅಲ್ಲ. ಅದರಿಂದ ಅವರ ಭವಿಷ್ಯವನ್ನು ನಿರ್ಣಯಿಸಲು ಬರುವುದಿಲ್ಲ. ನೀವು ಮಾತ್ರ ವರ್ಷಕ್ಕೊಮ್ಮೆ ರಕ್ತ, ಯಕೃತ್ತು, ಕಣ್ಣುಗಳನ್ನು ಪರೀಕ್ಷಿಸಿಕೊಳ್ಳಿರಿ. ಯಾವ ವಸ್ತುವಿನೊಡನೆ ಎಷ್ಟು ವರ್ಷ ದುಡಿದಿರೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ನಮ್ಮ ಹುಡುಗನ ಮುಂದ ಒಮ್ಮೆ ನೀವೇ ಹೇಳ್ರಿ ಸರ" ಎಂದರು.

ನೆನಪಿಡಬೇಕಾದ ಕೆಲವು ಮಾತು

"ಇಂತಹ ವಸ್ತು ವಂಶವಾಹಿಯನ್ನು ಕೆಡಿಸುತ್ತದೆ", "ಇಂತಹ ವಸ್ತು ರಕ್ಷಿಸುತ್ತದೆ" ಎಂಬ ಸುದ್ದಿಗಳು ದಿನವೂ ನಮ್ಮನ್ನು ತಲಪುತ್ತಿರುತ್ತವೆ. ಆಗ ವಾಚಕರು ಈ ಪ್ರಶ್ನೆಗಳನ್ನು ಹಾಕಿಕೊಳ್ಳಲಿ. ಪರೀಕ್ಷೆ ನಡೆದುದು ಬ್ಯಾಕ್ಟೀರಿಯಾದ ಮೇಲೋ, ಪ್ರಾಣಿಯ ಮೇಲೋ, ಮನುಷ್ಯರ ಅಧ್ಯಯನದಿಂದಲೋ? ಬ್ಯಾಕ್ಟೀರಿಯಾಗಳಾದರೆ ಅವು ಸಹಜವಾಗಿ ಬೆಳೆಯುತ್ತಿದ್ದವೇ? ಪ್ರಮಾಣ ಏರಿದಂತೆ ಪರಿಣಾಮವೂ ಏರಿತೇ? ಬೇರೆ ಪ್ರಯೋಗಾಲಯಗಳಲ್ಲಿಯೂ ಅದೇ ಫಲ ಬಂದಿತೇ?

ಪರೀಕ್ಷೆಯಲ್ಲಿ ತೇರ್ಗಡೆಯಾದ ವಸ್ತುವೆಲ್ಲ ಸುರಕ್ಷಿತವೆಂದೂ ತಿಳಿಯಬಾರದು. ಕಲ್ನಾರು, ಬೆಂಜೀನ್, ಆರ್ಸೆನಿಕ್ ಇವು ಮಾನವರಲ್ಲಿ ಕ್ಯಾನ್ಸರ್ ತರುವುದು ಸಿದ್ಧವಾಗಿದ್ದರೂ ಸಾಮಾನ್ಯ ಏಮ್ಸ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ.

ರಾಸಾಯನಿಕಗಳ ನಡುವೆ ದುಡಿಯುವ ನಮ್ಮ ಯುವಕರು ಕೈಗವಸು, ಮುಖವಾಡಗಳನ್ನು ತೊಡುವುದಕ್ಕೆ ಬೇಸರಿಸಬಾರದು. ಕೆಲಸ ಮುಗಿದ ಕೂಡಲೇ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಕೆಲಸದ ಉಡುಪನ್ನು ಮನೆಯವರ ಬಟ್ಟೆಗಳೊಡನೆ ಒಗೆಯಬಾರದು. ಕೈತೊಳೆಯದೆ ಊಟ, ಚಹಾ, ಎಲೆಯಡಿಕೆಗಳನ್ನು ಮುಟ್ಟಬಾರದು. ಬ್ಯಾಕ್ಟೀರಿಯಾಗಳ ಕುರಿತು ವಿಜ್ಞಾನಿಗಳ ವಾದ ಮುಗಿಯುವವರೆಗೆ ಈ ಎಚ್ಚರಿಕೆಗಳಿಗಾಗಿ ಕಾಯಬೇಕಾಗಿಲ್ಲ. ಇವನ್ನು ಇಂದಿನಿಂದಲೇ ಪಾಲಿಸಬಹುದು.